ಇಳಿತ ತಡವಾಯಿತೋ, ಅಪ್ಪನ ವಾಚ್ ಓಡಿತೋ? ಕೋಡಿ ಬೆಂಗ್ರೆಯಲ್ಲಿ ಎರಡು ಸಂಜೆ

ಸ್ವರ್ಣಾತೀರ (ಭಾನುವಾರ, ರಾತ್ರಿ 9:20)

ಸ್ವಲ್ಪ ಉದ್ದ ಉಂಟು. ಪುರುಸೊತ್ತು ಇದ್ದವರು ಓದಿ.

ವಾರದ ಕೊನೆಗೆ ಫೋನ್ ಮನೆಯಲ್ಲೇ ಬಿಟ್ಟು ನಡೆಯಲಿಕ್ಕೆ ಹೋಗುವುದು ನನ್ನ ಅಭ್ಯಾಸ. ಜಾಗ ಹೂಡೆಯಿಂದ ಕೋಡಿ ಬೆಂಗ್ರೆಗೆ ಹೋಗುವ ರಸ್ತೆ. ನೋಡದವರಿಗೆ ಹೇಳುತ್ತೇನೆ: ಕೆಮ್ಮಣ್ಣು, ಹೂಡೆ ದಾಟಿ ಉತ್ತರಕ್ಕೆ ಹೋದ ಹಾಗೆ ನೆಲ ಸಪೂರ ಆಗುತ್ತಾ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ ಹೊಳೆ. ನಡುವೆ ಒಂದು ರಸ್ತೆ, ಸ್ವಲ್ಪ ಮನೆಗಳು, ತೆಂಗಿನ ಮರ, ಒಣಗಲು ಹರಡಿದ ಬಲೆ. ಕೊನೆಯಲ್ಲಿ ಸೀತಾ, ಸ್ವರ್ಣಾ ಎರಡೂ ಕಡಲಿಗೆ ಸೇರುವ ಅಳಿವೆ. ಆಚೆ ದಡದಲ್ಲಿ ಹಂಗಾರಕಟ್ಟೆ.

ಜೊತೆಗೆ ಇರುವುದು ಮೂರೇ ಸಾಮಾನು. 8×42 ಬೈನಾಕ್ಯುಲರ್, ಒಂದು ಸಣ್ಣ ನೋಟ್‌ಬುಕ್, ಕೈಯಲ್ಲಿ ಅಪ್ಪನ ಎಚ್‌ಎಂಟಿ ಪೈಲಟ್. ಕಪ್ಪು ಡಯಲಿನ, ಕೀ ಕೊಡುವ ವಾಚ್. ಅಪ್ಪ ಉಡುಪಿ–ಮಂಗಳೂರು ರೂಟಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಮ್ಮ ಕಡೆ ಎರಡು ನಿಮಿಷ ಆಚೀಚೆ ಆದರೆ ಹಿಂದಿನ ಬಸ್ಸಿನವನು ಬಂದು ಜಗಳ ಮಾಡುತ್ತಾನೆ, ನಿಮಗೆ ಗೊತ್ತಲ್ಲ. ದಿನಾ ಬೆಳಿಗ್ಗೆ ಸ್ಟ್ಯಾಂಡಿನ ಟೈಮ್ ಕೀಪರ್ ಗಡಿಯಾರಕ್ಕೆ ಸರಿ ಮಾಡಿಕೊಳ್ಳುತ್ತಿದ್ದರು. ಆ ವಾಚು ಸುಳ್ಳು ಹೇಳಿದ್ದು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬೆಂಗ್ರೆ ಹತ್ತಿರ ಹೊಳೆ ನಡುವೆ ಒಂದು ಮರಳ ದಿಬ್ಬ ಉಂಟು. ನೀರು ಪೂರ್ತಿ ಇಳಿದಾಗ ಮಾತ್ರ ತಲೆ ಎತ್ತುತ್ತದೆ, ಇಳಿತದ ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಂದೆಮುಂದೆ ಅಷ್ಟೇ. ನಿನ್ನೆ ಶನಿವಾರ ಅದು ನೀರಿಂದ ಏಳುವುದನ್ನೇ ನೋಡುತ್ತಾ ಕೂತಿದ್ದೆ. ಮೊದಲು ಅಲ್ಲಿ ನೀರಿನ ಬಣ್ಣ ಬದಲಾಯಿತು. ಆಮೇಲೆ ಒಂದು ಕಡೆ ಅಲೆ ಮುರಿಯಲು ಶುರುವಾಯಿತು. ಆಮೇಲೆ ಎಮ್ಮೆ ಬೆನ್ನಿನಷ್ಟು ಮರಳು. ಅದರ ಮೇಲೆ ಕಾಲೂರಲು ಜಾಗ ಆದದ್ದೇ ತಡ, ಎಲ್ಲಿದ್ದವೋ ಏನೋ, ನಲವತ್ತರಷ್ಟು ಕಡಲಕಾಗೆಗಳು, ಹತ್ತು ಹನ್ನೆರಡು ರೀವಗಳು (ಟರ್ನ್) ಬಂದು ಇಳಿದವು. ಎರಡು ಕಂದು ಹಕ್ಕಿಗಳೂ ಇದ್ದವು, ಉದ್ದ ಕೊಕ್ಕು, ಕೆಳಕ್ಕೆ ಬಾಗಿದ್ದು. ದಿಬ್ಬ ಅತೀ ದೊಡ್ಡದಾದಾಗ ವಾಚಿನಲ್ಲಿ 4:10. ಬರೆದುಕೊಂಡೆ.

ಇಳಿತ ದಿನಕ್ಕೆ 50 ನಿಮಿಷ ತಡ ಅಂತ ಗೊತ್ತು. ಹಾಗಾಗಿ ಇವತ್ತು 5 ಗಂಟೆಗೆ ಬರಬೇಕು, 4:35ಕ್ಕೇ ದಿಬ್ಬ ಕಾಣಬೇಕು. ಅಲ್ಲೇ ಕಲ್ಲಿನ ಮೇಲೆ ಕೂತೆ. 4:35 ಆಯ್ತು, ಇಲ್ಲ. 5 ಆಯ್ತು, ಬರೇ ನೀರು. 5:10ರ ತನಕ ಕಾದು ಎದ್ದೆ. ಹತ್ತು ನಿಮಿಷ ನಡೆದು ಚಾ ಅಂಗಡಿಗೆ ಬಂದರೆ ಅಲ್ಲಿ ಗೋಡೆಯಲ್ಲಿ 4:15, ನನ್ನ ಕೈಯಲ್ಲಿ 5:20! "ನಿಮ್ಮ ಗಡಿಯಾರ ನಿಂತಿದೆ" ಅಂದೆ. ಅಂಗಡಿಯವರು ಗೋಳಿಬಜೆ ತಿರುವಿ ಹಾಕುತ್ತಾ, "ನಮ್ಮದು ಸರಿ ಉಂಟು ಮಾರಾಯ್ರೆ, ನಿಮ್ಮದು ನೋಡಿ" ಅಂದರು. ಅಷ್ಟರಲ್ಲಿ ಬಸ್ ಬಂತು, ಹತ್ತಿ ಬಂದೆ.

ಮಧ್ಯಾಹ್ನವೂ ಹೀಗೇ ಆಗಿತ್ತು. ವಾಚ್ ನೋಡಿ ತಡ ಆಯ್ತು ಅಂತ ಅರ್ಧ ಊಟದಲ್ಲೇ ಎದ್ದಿದ್ದೆ. ಮನೆಯವಳು ಗೋಡೆ ಗಡಿಯಾರ ತೋರಿಸಿದಳು. ಅದರ ಸೆಲ್ ಮುಗಿದಿರಬೇಕು ಅಂದೆ.

ಎಂತ ಆಗಿರಬಹುದು? ಮತ್ತೆ ಆ ಬಾಗಿದ ಕೊಕ್ಕಿನವು ಯಾವುವು?

ಹತ್ತುಸಾವಿರ ಹೆಜ್ಜೆ (ರಾತ್ರಿ 9:41)

ಅಣ್ಣಾ, ಒಂದು ಸ್ಮಾರ್ಟ್‌ವಾಚ್ ತಗೊಳ್ಳಿ. ಟೈಮ್, ಉಬ್ಬರ ಇಳಿತ, ಹೆಜ್ಜೆ, ಎದೆಬಡಿತ ಎಲ್ಲ ಬರುತ್ತದೆ. ಇಷ್ಟು ಕಷ್ಟ ಯಾಕೆ?

ಸ್ವರ್ಣಾತೀರ (ರಾತ್ರಿ 9:48)

ವಾರ ಪೂರ್ತಿ ಕೈಯಲ್ಲಿ ಅದೇ ಇರುತ್ತದೆ ತಮ್ಮಾ. ನಿಂತರೆ ನಡಿ ಅನ್ನುತ್ತದೆ. ಹಕ್ಕಿ ನೋಡುವುದು ಅಂದರೇ ನಿಲ್ಲುವುದು.

ಬೆಂಗ್ರೆಯವ (ರಾತ್ರಿ 10:15)

ಹೋ, ಕಲ್ಲಿನ ಮೇಲೆ ಕೂತಿದ್ದ ಟೊಪ್ಪಿಯವರು ನೀವಾ! ನಾನು ಬಾರ್ಜಿನಲ್ಲಿ ಹಂಗಾರಕಟ್ಟೆಯಿಂದ ಬರುತ್ತಿದ್ದೆ. ನೀವು ಚೀಲ ಹೆಗಲಿಗೆ ಹಾಕಿಕೊಂಡು ಹೋದದ್ದು ನೋಡಿದೆ. ಮನೆಗೆ ಹೋಗಿ ಚಾ ಕುಡಿದು ಹೊರಗೆ ಬಂದರೆ ನಿಮ್ಮ ದಿಬ್ಬ ಎದ್ದು ಕೂತಿತ್ತು. ಮೇಲೆ ಬಿಳಿ ಬಿಳಿ ಹಕ್ಕಿ ತುಂಬಾ. ನಾಲ್ಕೂವರೆ ಆಗಿರಬೇಕು. ಅಂಗಡಿಯ ಗಡಿಯಾರ ಸರಿ ಉಂಟು. ಅದು ಹೆಚ್ಚುಕಮ್ಮಿ ಆದರೆ ಬಸ್ಸಿನವರು ಬಿಡ್ತಾರಾ?

ಇಳಿತದ ಲೆಕ್ಕದಲ್ಲಿ ಒಂದೆರಡು ಮಾತು. 50 ನಿಮಿಷ ಅನ್ನುವುದು ಸರಾಸರಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಅದಕ್ಕಿಂತ ಕಮ್ಮಿ ತಡ ಆಗುತ್ತದೆ. ಅಷ್ಟಮಿ ಆಸುಪಾಸು ಒಂದು ಗಂಟೆ ಮೀರುವುದೂ ಉಂಟು. ನೀರಿನ ಏರಿಳಿತವೂ ಹಾಗೇ. ಹುಣ್ಣಿಮೆ, ಅಮಾವಾಸ್ಯೆಗೆ ಭರತವೂ ಜೋರು, ಇಳಿತವೂ ಜೋರು. ಅಷ್ಟಮಿಗೆ ನೀರು ಸುಮ್ಮನೆ ನಿಂತ ಹಾಗೆ, ದಿಬ್ಬ ಕಾಣುವುದೇ ಇಲ್ಲ ಕೆಲವು ಸಲ. ದಿನಕ್ಕೆ ಎರಡು ಇಳಿತ ಬಂದರೂ ಎರಡೂ ಒಂದೇ ಅಳತೆ ಅಲ್ಲ, ಒಂದು ಜಾಸ್ತಿ ಇಳಿದರೆ ಇನ್ನೊಂದು ಅಷ್ಟು ಇಳಿಯುವುದಿಲ್ಲ.

ಮತ್ತೆ, ಆ್ಯಪಿನಲ್ಲಿ ತೋರಿಸುವುದು ಕಡಲ ಬಾಯಿಯ ಲೆಕ್ಕ. ಹೊಳೆ ಒಳಗೆ ಹೋದ ಹಾಗೆ ನೀರು ಇಳಿಯುವುದು ತಡ. ಅಳಿವೆಯಲ್ಲಿ ನೀರು ತಿರುಗಿ ಏರಲು ಶುರು ಮಾಡಿದರೂ ಕೆಮ್ಮಣ್ಣು ಕಡೆ ಇನ್ನೂ ಇಳಿಯುತ್ತಾ ಇರುತ್ತದೆ. ನಮ್ಮಲ್ಲಿ ಮರುವಾಯಿ (ಚಿಪ್ಪು) ಹೆಕ್ಕುವ ಹೆಂಗಸರು ಗಂಟೆ ನೋಡುವುದೇ ಇಲ್ಲ. ದೋಣಿ ಕಟ್ಟಿದ ಹಗ್ಗ ನೋಡುತ್ತಾರೆ. ಹಗ್ಗ ಎಳೆದು ನಿಂತರೆ ನೀರು ಹೋಗುತ್ತಾ ಉಂಟು. ಸಡಿಲ ಬಿಟ್ಟು ದೋಣಿ ಅಡ್ಡ ತಿರುಗಿದರೆ ಮುಗಿಯಿತು, ಇನ್ನು ಏರುವುದೇ.

ಗೊರವ (ರಾತ್ರಿ 10:50)

ಬಾಗಿದ ಕೊಕ್ಕಿನವು ಎರಡು ಜಾತಿ ಇರಬಹುದು, ಕರ್ಲ್ಯೂ ಅಥವಾ ವಿಂಬ್ರೆಲ್. ತಲೆ ನೋಡಿದ್ರಾ? ನೆತ್ತಿಯ ಮೇಲೆ ಕಪ್ಪು ಪಟ್ಟೆ, ನಡುವೆ ತಿಳಿ ಗೆರೆ ಇದ್ದರೆ ವಿಂಬ್ರೆಲ್. ತಲೆ ಸಾದಾ ಇದ್ದು, ಕೊಕ್ಕು ನೋಡಿದರೆ "ಇದು ಇಷ್ಟು ಉದ್ದ ಯಾಕೆ" ಅನಿಸಿದರೆ ಕರ್ಲ್ಯೂ. ಕೂಗು ಕೇಳಿದ್ದರೆ ಇನ್ನೂ ಸುಲಭ. ವಿಂಬ್ರೆಲ್ ಒಂದೇ ಸ್ವರದಲ್ಲಿ ಗಡಿಬಿಡಿಯಲ್ಲಿ ಏಳು ಸಲ ಸಿಳ್ಳೆ ಹೊಡೆದ ಹಾಗೆ ಕೂಗುತ್ತದೆ. ಕರ್ಲ್ಯೂ ಹೆಸರೇ ಅದರ ಕೂಗು, ಎಳೆದು ಎಳೆದು.

ಕಡಲಕಾಗೆಗಳ ಕಣ್ಣು ನೋಡುವ ಅಭ್ಯಾಸ ಮಾಡಿ. ನಮ್ಮಲ್ಲಿ ಚಳಿಗಾಲದಲ್ಲಿ ಬರುವುದರಲ್ಲಿ ಕಂದುತಲೆಯದ್ದು ಜಾಸ್ತಿ. ಆದರೆ ಚಳಿಗಾಲದಲ್ಲಿ ಅದರ ತಲೆ ಕಂದು ಇರುವುದಿಲ್ಲ, ಬಿಳಿ! ಕಿವಿ ಹತ್ತಿರ ಒಂದು ಮಸಿ ಬೊಟ್ಟು ಮಾತ್ರ. ಪೂರ್ತಿ ಬೆಳೆದ ಹಕ್ಕಿಯ ಕಣ್ಣು ತಿಳಿ ಬಣ್ಣ, ಸಿಟ್ಟಿನಲ್ಲಿ ನೋಡಿದ ಹಾಗೆ ಕಾಣುತ್ತದೆ. ಕರಿತಲೆ ಕಡಲಕಾಗೆಯ ಕಣ್ಣು ಕಪ್ಪು, ಪಾಪದ ಮುಖ. ಕಂದುತಲೆಯವು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ನಮ್ಮಲ್ಲಿಗೆ ಬಂಗುಡೆ ವಾಸನೆಗೆ ಬರುವುದು.

ಹೊಳೆ ಬದಿ ಮಾತ್ರ ನೋಡಿ ಬರಬೇಡಿ. ಕಡಲ ಬದಿಗೂ ಹೋಗಿ. ಅಲೆ ಹಿಂದೆ ಹೋಗುವಾಗ ಅದರ ಬಾಲ ಹಿಡಿದು ಓಡಿ, ಅಲೆ ಬರುವಾಗ ಕಾಲು ಒದ್ದೆ ಮಾಡಿಕೊಳ್ಳದೆ ವಾಪಸ್ ಓಡುವ ಸಣ್ಣ ಬಿಳಿ ಹಕ್ಕಿ ಸಿಗಬಹುದು. ಓಡುವಾಗ ಕಾಲು ಕಾಣುವುದೇ ಇಲ್ಲ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ಅದು ಸ್ಯಾಂಡರ್ಲಿಂಗ್. ಅದು ಹೋದ ಮೇಲೆ ಒದ್ದೆ ಮರಳಿನಲ್ಲಿ ಹೆಜ್ಜೆ ನೋಡಿ. ಮೂರೇ ಬೆರಳು, ಹಿಂದಿನ ಬೆರಳು ಇಲ್ಲ. ಅದರ ಜೊತೆ ಓಡಾಡುವ ಬೇರೆ ಸಣ್ಣ ಗೊರವಗಳಲ್ಲಿ, ಅಂದರೆ ನೀರಿನ ಅಂಚಿನ ಹಕ್ಕಿಗಳಲ್ಲಿ, ಹೆಚ್ಚಿನವಕ್ಕೆ ಹಿಂದೆ ಒಂದು ಚುಕ್ಕಿ ಬೆರಳು ಇರುತ್ತದೆ. ಆ ಮೂರು ಬೆರಳು ಆರ್ಕ್ಟಿಕ್‌ನಲ್ಲಿ ಹುಟ್ಟಿ ಬಂದ ಸ್ಯಾಂಡರ್ಲಿಂಗ್‌ನ ಸಹಿ.

ಹಳೇ ಜನತಾ (ಸೋಮವಾರ, ಬೆಳಿಗ್ಗೆ 6:30)

ವಾಚಿನ ವಿಷಯಕ್ಕೆ ಒಂದು ಎಚ್ಚರಿಕೆ. ನನ್ನ ಜನತಾ ವಾಚ್ ಮಲ್ಪೆಯಲ್ಲಿ ಹೋಯಿತು. ಮೊಣಕಾಲು ನೀರಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದೆ. ಒಂದು ದೊಡ್ಡ ಅಲೆ, ಎರಡು ಸೆಕೆಂಡ್ ಕೈ ಮುಳುಗಿತು. ಡಯಲಿನ ಮೇಲೆ ಪ್ಯಾರಾಶಾಕ್ ಅಂತ ಬರೆದದ್ದನ್ನು ನಾನು ವರ್ಷಗಟ್ಟಲೆ ನೀರು ತಡೆಯುತ್ತದೆ ಅಂತಲೇ ತಿಳಿದಿದ್ದೆ. ಅದು ಬಿದ್ದರೆ ಒಳಗಿನ ಸಪೂರ ಕಡ್ಡಿ ಮುರಿಯದಿರಲು ಮಾಡಿದ ಏರ್ಪಾಡು. ನೀರಿಗೂ ಅದಕ್ಕೂ ಸಂಬಂಧ ಇಲ್ಲ.

ಮನೆಗೆ ಬಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಮೂರು ದಿನ ಬಿಟ್ಟು ತೆಗೆದರೆ ಗಾಜಿನ ಒಳಗೆ ತುಕ್ಕಿನ ಬಣ್ಣ. ಉಪ್ಪುನೀರು ಒಣಗಿದರೂ ಉಪ್ಪು ಅಲ್ಲೇ ಉಳಿಯುತ್ತದಲ್ಲ! ಅವತ್ತೇ ಬಿಚ್ಚಿಸಿ ತೊಳೆಸಿದ್ದರೆ ಉಳಿಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಅನ್ನಕ್ಕೆ ಇಟ್ಟ ಅಕ್ಕಿಯೂ ಹಾಳು, ಹೆಂಡತಿ ಅದನ್ನು ಇವತ್ತಿಗೂ ಹೇಳುತ್ತಾಳೆ.

ಸ್ವರ್ಣಾತೀರದವರೇ, ನಿಮ್ಮದಕ್ಕೆ ಎಲ್ಲಿಯಾದರೂ ನೀರು ತಾಗಿತ್ತಾ?

ಕೀಕೊಟ್ಟವ (ಸೋಮವಾರ, ಬೆಳಿಗ್ಗೆ 8:05)

ನೀರು ತಾಗಿದ ವಾಚ್ ಸಾಮಾನ್ಯವಾಗಿ ನಿಧಾನ ಆಗುತ್ತದೆ ಅಥವಾ ನಿಲ್ಲುತ್ತದೆ, ಹೀಗೆ ಓಡುವುದಿಲ್ಲ. ಮೊದಲು ಲೆಕ್ಕ ಮಾಡುವ. ವಾಚಿಗೆ ಕೊನೆಯ ಸಲ ಸರಿಯಾದ ಟೈಮ್ ಇಟ್ಟದ್ದು ಯಾವಾಗ?

ಸ್ವರ್ಣಾತೀರ (8:20)

ನೀರು ತಾಗಿಲ್ಲ. ಶನಿವಾರ ಬೆಳಿಗ್ಗೆ ರೇಡಿಯೋದಲ್ಲಿ 7 ಗಂಟೆಗೆ ಸರಿ ಮಾಡಿದ್ದು. ಭಾನುವಾರ ಕರೆಂಟ್ ಇರಲಿಲ್ಲ, ಕತ್ತಲಲ್ಲಿ ಕೀ ಮಾತ್ರ ಕೊಟ್ಟೆ, ಮುಖ ನೋಡಲಿಲ್ಲ.

ಕೀಕೊಟ್ಟವ (8:52)

ಸರಿ. ಶನಿವಾರ ಬೆಳಿಗ್ಗೆ 7ರಿಂದ ಭಾನುವಾರ ಸಂಜೆ 4:15, ಅಂದರೆ ಮೂವತ್ತಮೂರೂ ಕಾಲು ಗಂಟೆ. ಅಷ್ಟರಲ್ಲಿ 65 ನಿಮಿಷ ಮುಂದೆ. ಗಂಟೆಗೆ ಹತ್ತಿರ ಹತ್ತಿರ ಎರಡು ನಿಮಿಷ, ದಿನಕ್ಕೆ 47. ಆ ಲೆಕ್ಕದಲ್ಲಿ ಶನಿವಾರ ನೀವು 4:10 ಅಂತ ಬರೆದದ್ದು ನಿಜಕ್ಕೂ 3:52ರ ಹೊತ್ತು. ಭಾನುವಾರದ ಇಳಿತ 4:35, 4:40ರ ಆಸುಪಾಸು ಬಂದಿರುತ್ತದೆ. ನೀವು ಎದ್ದದ್ದು ನಿಜವಾದ ಗಂಟೆ 4:05ಕ್ಕೆ. ಇನ್ನೊಂದು ಐದು ಹತ್ತು ನಿಮಿಷ ಕೂತಿದ್ದರೆ ದಿಬ್ಬ ಕಾಣುತ್ತಿತ್ತು. ಬೆಂಗ್ರೆಯವರ ಚಾಕ್ಕೂ ತಾಳೆ ಆಗುತ್ತದೆ.

ಇನ್ನು ವಾಚು. ಪೈಲಟ್, ಜನತಾ ಎಲ್ಲ ಹೆಚ್ಚುಕಮ್ಮಿ ಒಂದೇ ಮಷೀನಿನವು, 17 ಕಲ್ಲಿನದ್ದು. ಎಚ್‌ಎಂಟಿಯವರು 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚ್ ಕಾರ್ಖಾನೆ ಶುರು ಮಾಡಿದ್ದು, ಇದೂ ಆ ಮನೆತನದ್ದೇ. ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತದೆ, ಗಂಟೆಗೆ 18,000. ಸೆಲ್ ಹಾಕುವ ಕ್ವಾರ್ಟ್ಜ್‌ನಲ್ಲಿ ಕಲ್ಲು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದಕ್ಕೆ ಇದು ಯಾವ ಲೆಕ್ಕ! ಹಳೇ ವಾಚು ದಿನಕ್ಕೆ ಅರ್ಧ ನಿಮಿಷ, ಒಂದು ನಿಮಿಷ ಆಚೀಚೆ ಆದರೆ ಮಾಮೂಲಿ. ಎಣ್ಣೆ ಒಣಗಿದರೆ ಸಾಮಾನ್ಯವಾಗಿ ಕುಂಟುತ್ತದೆ. ಒಮ್ಮೆಲೇ ದಿನಕ್ಕೆ ಮುಕ್ಕಾಲು ಗಂಟೆ ಓಡುವುದಕ್ಕೆ ಕಾರಣ ಬೇರೆ.

ಎರಡು ಪ್ರಶ್ನೆ. ಇತ್ತೀಚೆಗೆ ಬಿತ್ತಾ? ರಾತ್ರಿ ಎಲ್ಲಿ ಇಡುತ್ತೀರಿ?

ಸ್ವರ್ಣಾತೀರ (ಸೋಮವಾರ, ಸಂಜೆ 7:30)

ಬಿದ್ದಿಲ್ಲ. ಇವತ್ತು ಆಫೀಸು ಬಿಟ್ಟು ಪೇಟೆಯ ಒಂದು ಅಂಗಡಿಗೆ ತೋರಿಸಿದೆ. ಅವರು ಬಿಚ್ಚಿಯೂ ನೋಡಲಿಲ್ಲ. ಕಿವಿಗೆ ಹಿಡಿದು, "ಮಷೀನು ಹೋಗಿದೆ, ಒಳಗೆ ಕ್ವಾರ್ಟ್ಜ್ ಹಾಕಿ ಕೊಡುತ್ತೇನೆ, ಡಯಲಿಗೂ ಹೊಸ ಬಣ್ಣ ಹೊಡೆಸುವ" ಅಂದರು. ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಬಂದೆ.

ರಾತ್ರಿ ಮಾಮೂಲಿಗೆ ಕಪಾಟಿನಲ್ಲಿ ಇಡುವುದು. ಹೋದ ಶುಕ್ರವಾರ ಮಾತ್ರ ಬೆಳಿಗ್ಗೆ ಮರೆಯಬಾರದು ಅಂತ ಬೈನಾಕ್ಯುಲರ್ ಚೀಲದಲ್ಲಿ ಹಾಕಿಟ್ಟಿದ್ದೆ. ಶನಿವಾರವೂ ಹಾಗೇ.

ಕೀಕೊಟ್ಟವ (7:34)

ಆ ಚೀಲದ ಬಾಯಿ ಮುಚ್ಚುವುದು ಹೇಗೆ?

ಸ್ವರ್ಣಾತೀರ (7:36)

ಹೊಸ ಚೀಲ. ಮುಚ್ಚಳದಲ್ಲಿ ಗುಂಡಿ ಉಂಟು, ಹತ್ತಿರ ಹೋದರೆ ಟಪ್ ಅಂತ ತಾನೇ ಅಂಟಿಕೊಳ್ಳು…

ಅಯ್ಯೋ ದೇವರೇ.

ಕೀಕೊಟ್ಟವ (8:10)

ಸಿಕ್ಕಿತು ಕಳ್ಳ. ಅಯಸ್ಕಾಂತ.

ವಾಚಿನ ಒಳಗೆ ಒಂದು ಚಕ್ರ ಆಚೆ ಈಚೆ ತಿರುಗುತ್ತಾ ಇರುತ್ತದೆ. ಅದನ್ನು ಹಿಂದಕ್ಕೆ ಎಳೆಯುವುದು ಕೂದಲಿನಷ್ಟು ಸಪೂರದ ಒಂದು ಸ್ಪ್ರಿಂಗ್, ಸೊಳ್ಳೆಬತ್ತಿಯ ಹಾಗೆ ಸುರುಳಿ. ಅಯಸ್ಕಾಂತದ ಗುಣ ಹತ್ತಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಸ್ಪ್ರಿಂಗ್ ಗಿಡ್ಡ ಆದ ಹಾಗೆ ಆಗಿ ಚಕ್ರ ಬೇಗ ಬೇಗ ತಿರುಗುತ್ತದೆ. ವಾಚ್ ಓಡುತ್ತದೆ. ಮುರಿದದ್ದು, ಸವೆದದ್ದು ಏನೂ ಇಲ್ಲ. ಸ್ಪೀಕರ್, ಫೋನಿನ ಮುಚ್ಚಳದ ಕವರ್, ಹೆಂಗಸರ ಪರ್ಸಿನ ಗುಂಡಿ, ಫ್ರಿಜ್ಜಿನ ಬಾಗಿಲು, ಎಲ್ಲದರಲ್ಲೂ ಅಯಸ್ಕಾಂತ ಉಂಟು.

ಮನೆಯಲ್ಲೇ ನೋಡಬೇಕಾದರೆ ಫೋನಿನಲ್ಲಿ ದಿಕ್ಸೂಚಿ ತೆರೆದು ವಾಚನ್ನು ಮೆಲ್ಲ ಅದರ ಹತ್ತಿರ ತನ್ನಿ. ಬೇರೆ ಒಂದು ವಾಚನ್ನೂ ಹಾಗೇ ತನ್ನಿ. ನಿಮ್ಮದಕ್ಕೆ ಮುಳ್ಳು ಜಾಸ್ತಿ ಕುಣಿದರೆ ಅದೇ ರೋಗ. ಆಮೇಲೆ ಹಳೇ ಕಾಲದ ರಿಪೇರಿಯವರ ಹತ್ತಿರ ಹೋಗಿ, ಡಿಮ್ಯಾಗ್ನೆಟೈಸ್ ಮಾಡಿ ಕೊಡಿ ಅನ್ನಿ. ಒಂದು ಸಣ್ಣ ಪೆಟ್ಟಿಗೆ. ಬಟನ್ ಒತ್ತಿ ಹಿಡಿದು ವಾಚನ್ನು ಅದರ ಮೇಲಿಂದ ನಿಧಾನ ದೂರ ತರುತ್ತಾರೆ, ಅಷ್ಟೇ. ನೀವು ಒಂದು ಬನ್ಸ್ ತಿಂದು ಮುಗಿಸುವಷ್ಟು ಹೊತ್ತೂ ಬೇಡ.

ಡಯಲಿಗೆ ಮಾತ್ರ ಯಾರನ್ನೂ ಕೈ ಹಾಕಲು ಬಿಡಬೇಡಿ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ 2016ರಲ್ಲಿ ಆದ ಮೇಲೆ ಪೇಟೆಯಲ್ಲಿ ಬಣ್ಣ ಹೊಡೆದ ಪೈಲಟ್‌ಗಳೇ ಜಾಸ್ತಿ ಓಡಾಡುತ್ತಿವೆ. ಹೊಳೆಯುವ ಡಯಲ್, ಒಳಗೆ ನಾಲ್ಕು ವಾಚಿನ ನಾಲ್ಕು ತುಂಡು. ನಿಮ್ಮ ಅಪ್ಪನ ಟಿಕೆಟ್ ಚೀಲ ಉಜ್ಜಿದ ಗೀರು ಅದರಲ್ಲಿ ಇದ್ದರೆ ಇರಲಿ.

ಲೆಕ್ಕದ ಮೇಷ್ಟ್ರು (ರಾತ್ರಿ 9:05)

ನನಗೆ ನಗು ಬಂತು. ದಿನಕ್ಕೆ 47 ನಿಮಿಷ ಮುಂದೆ ಓಡುವ ವಾಚು! ಅಷ್ಟೇ ನಿಮಿಷ ಹಿಂದೆ ಬಿದ್ದಿದ್ದರೆ ಎಷ್ಟು ಚಂದ ಇತ್ತು ನೋಡಿ. ಇಳಿತ ದಿನಕ್ಕೆ 50 ನಿಮಿಷ ತಡ, ವಾಚೂ ಹೆಚ್ಚುಕಮ್ಮಿ ಅಷ್ಟೇ ತಡ. ಆಗ ಆ ವಾಚಿನಲ್ಲಿ ಇಳಿತ ದಿನಾ 4:10ಕ್ಕೇ ಬರುತ್ತಿತ್ತು. ಅದನ್ನು ಆಫೀಸಿಗೆ ಕಟ್ಟಿಕೊಂಡು ಹೋಗಲಿಕ್ಕೆ ಆಗದು, ಗೊರವಗಳಿಗೆ ಕೊಡಬಹುದಿತ್ತು. ನಿಜಕ್ಕೂ ಅಂಥ ಗಡಿಯಾರ ಉಂಟು. ಒಂದೇ ಮುಳ್ಳು, 12 ಗಂಟೆ 25 ನಿಮಿಷಕ್ಕೆ ಒಂದು ಸುತ್ತು. ಮೇಲೆ ಭರತ, ಕೆಳಗೆ ಇಳಿತ.

ಮತ್ತೆ ಸ್ವಾಮಿ, ಗಡಿಯಾರ ಬಿಡಿ, ಸೂರ್ಯನನ್ನು ನೋಡಿಯೂ ಗೊತ್ತಾಗಲಿಲ್ವಾ? ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂಕಾಲರ ಮೇಲೆ. ಐದೂ ಹತ್ತಕ್ಕೆ ಅಷ್ಟು ಮೇಲೆ ಇರುತ್ತಾನಾ?

ಸ್ವರ್ಣಾತೀರ (9:15)

ಬೈನಾಕ್ಯುಲರಿನಲ್ಲಿ ಸೂರ್ಯನನ್ನು ನೋಡಬಾರದು ಅಂತ ಬರೆದಿರುತ್ತಾರೆ ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು (9:22)

ಹಹ್ಹ. ಆದರೆ ಸೂರ್ಯನೂ ಇಲ್ಲಿ ಪೂರ್ತಿ ನಂಬಿಕಸ್ಥ ಅಲ್ಲ ಬಿಡಿ. ದೇಶದ ಟೈಮ್ ಇರುವುದು 82½ ಡಿಗ್ರಿ ರೇಖೆಗೆ. ಉಡುಪಿ ಮುಕ್ಕಾಲು ಕಮ್ಮಿ 75ರಲ್ಲಿ ಉಂಟು. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ನಮ್ಮ ಸೂರ್ಯ ಸರಾಸರಿ ವಾಚಿಗಿಂತ ಅರ್ಧ ಗಂಟೆ ಲೇಟು. ನೆತ್ತಿಗೆ ಬರುವುದು ನವೆಂಬರ್ ಮೊದಲಿಗೆ 12:15ರ ಹೊತ್ತಿಗೆ, ಫೆಬ್ರವರಿ ನಡುವಿಗೆ 12:45ರ ಹೊತ್ತಿಗೆ. ಟೈಮ್ ಕೀಪರ್ ಒಪ್ಪುವ ಬಸ್ ಅಲ್ಲ.

(ಮೇಲೆ "ಮುಕ್ಕಾಲು ಕಮ್ಮಿ 75" ಅಂತ ಬರೆದದ್ದು ತಪ್ಪು, ಕಾಲು ಕಮ್ಮಿ 75. ಮೇಷ್ಟ್ರಿಗೂ ವಯಸ್ಸಾಯಿತು.)

ತಣ್ಣೀರುಬಾವಿ ಅಕ್ಕ (ಮಂಗಳವಾರ, ಮಧ್ಯಾಹ್ನ 2:10)

ತಡವಾಗಿ ಬಂದೆ. ನಾನು ಮಂಗಳೂರು ಕಡೆಯವಳು. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ದಾಟಿ ತಣ್ಣೀರುಬಾವಿಯಲ್ಲಿ ನಡೆಯುವುದು ನನ್ನ ಕ್ರಮ. ಅಲ್ಲಿ ಗರುಡಗಳು ಜಾಸ್ತಿ, ದಕ್ಕೆ (ಮೀನಿನ ಬಂದರು) ಹತ್ತಿರ ಅಲ್ವಾ. ಮರಿ ಗರುಡ ಕಂದು ಇರುವುದರಿಂದ ಸುಮಾರು ಜನ ಹದ್ದು ಅಂತಲೇ ಬರೆಯುತ್ತಾರೆ. ಬಾಲ ನೋಡಿ. ಗರುಡನ ಬಾಲದ ತುದಿ ದುಂಡಗೆ, ಹದ್ದಿನದು ನಡುವೆ ಕತ್ತರಿಸಿದ ಹಾಗೆ. ಬಿಳಿಹೊಟ್ಟೆಯ ಕಡಲ ಹದ್ದು ಅಪರೂಪಕ್ಕೆ ಬರುತ್ತದೆ. ಅದಕ್ಕೆ ಬಾಲ ಗಿಡ್ಡ, ಬೆಣೆಯ ಹಾಗೆ. ಹಾರುವಾಗ ರೆಕ್ಕೆ ಎರಡನ್ನೂ ಸ್ವಲ್ಪ ಮೇಲೆತ್ತಿ ಹಿಡಿದಿರುತ್ತದೆ. ಅದು ಬಂದದ್ದು ನನಗೆ ಮೊದಲು ಗೊತ್ತಾಗುವುದು ಕಾಗೆಗಳ ಗಲಾಟೆಯಿಂದ.

ನಿಮ್ಮ ಚೀಲದ ಕತೆ ಓದಿ ನನ್ನ ಪರ್ಸ್ ನೋಡಿದೆ. ಅದರಲ್ಲೂ ಅದೇ ಗುಂಡಿ! ನನ್ನದು ಅಮ್ಮನ ಸಣ್ಣ ವಾಚು. ಇನ್ನು ಮೇಲೆ ಬೇರೆ ಕಡೆ.

ಅಮ್ಮ ವಾಚಿನ ಮುಖವನ್ನು ಅಂಗೈ ಬದಿಗೆ ತಿರುಗಿಸಿ ಕಟ್ಟುತ್ತಿದ್ದಳು. ಟೀಚರ್ ಆಗಿದ್ದಳು, ಪಾಠದ ನಡುವೆ ಮಕ್ಕಳಿಗೆ ಗೊತ್ತಾಗದ ಹಾಗೆ ಟೈಮ್ ನೋಡಲಿಕ್ಕೆ. ನಾನೂ ಹಾಗೇ ಕಟ್ಟುತ್ತೇನೆ. ಬೈನಾಕ್ಯುಲರ್ ಹಿಡಿದಾಗ ಕೈಗಳು ಹೇಗಿರುತ್ತವೆ ನೋಡಿ, ಮಣಿಕಟ್ಟಿನ ಒಳಬದಿ ನಿಮ್ಮ ಮುಖಕ್ಕೇ ತಿರುಗಿರುತ್ತದೆ. ಬೈನಾಕ್ಯುಲರ್ ಎರಡು ಬೆರಳು ಕೆಳಗೆ ಇಳಿಸಿದರೆ ಗಂಟೆ ಕಾಣುತ್ತದೆ. ಕೈ ತಿರುಗಿಸುವುದು ಬೇಡ, ಗಾಜಿಗೆ ಬಿಸಿಲು ಹೊಡೆದು ಮಿಂಚುವುದೂ ಇಲ್ಲ. ಮರಳಿನಲ್ಲಿ ಕೂತ ಗೊರವಗಳಿಗೆ ಅಷ್ಟು ಮಿಂಚು ಸಾಕು, ಎಲ್ಲ ಒಟ್ಟಿಗೆ ಏಳುತ್ತವೆ.

ಈಬರ್ಡ್‌ಗೆ (ಕಂಡ ಹಕ್ಕಿಗಳ ಲೆಕ್ಕ ಸೇರಿಸುವ ಜಾಲತಾಣ) ಪಟ್ಟಿ ಹಾಕುವವರಿಗೆ ವಾಚ್ ಬೇಕೇ ಬೇಕು. ಶುರು ಮಾಡಿದ ಗಂಟೆ, ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ, ಮೂರೂ ಕೇಳುತ್ತಾರೆ. ನಲವತ್ತು ಹಕ್ಕಿ ಹತ್ತು ನಿಮಿಷದಲ್ಲಿ ಕಂಡದ್ದೂ, ಮೂರು ಗಂಟೆಯಲ್ಲಿ ಕಂಡದ್ದೂ ಒಂದೇ ಅಲ್ಲವಲ್ಲ. ತಮ್ಮಾ, ಶನಿವಾರದ್ದನ್ನು 4:10 ಅಂತ ಹಾಕಿದ್ದರೆ ದಯವಿಟ್ಟು ಸರಿ ಮಾಡು.

ಸ್ವರ್ಣಾತೀರ (ಮಂಗಳವಾರ, ಸಂಜೆ 6:50)

ಸರಿ ಮಾಡಿದೆ ಅಕ್ಕ. 3:52.

ದಿಕ್ಸೂಚಿ ಪರೀಕ್ಷೆ ಮಾಡಿದೆ. ಮನೆಯವಳ ವಾಚಿಗೆ ಮುಳ್ಳು ಸ್ವಲ್ಪ ಅಲ್ಲಾಡಿತು. ಅಪ್ಪನದಕ್ಕೆ ಉತ್ತರ ದಿಕ್ಕು ನೇರ ಅಡುಗೆಮನೆಗೆ ಹೋಯಿತು.

ಬೆಂಗ್ರೆಯವ (ಮಂಗಳವಾರ, ರಾತ್ರಿ 8:00)

ಬರುವ ಭಾನುವಾರ ಬರಬೇಡಿ. ಒಂದು ವಾರಕ್ಕೆ ಲೆಕ್ಕ ತಿರುಗಿ ಬೀಳುತ್ತದೆ, ಆ ಹೊತ್ತಿಗೆ ಭರತ ಇರುತ್ತದೆ. ಅದರ ಮುಂದಿನ ಭಾನುವಾರ ಬನ್ನಿ. ಹದಿನಾಲ್ಕು ದಿನ ಬಿಟ್ಟರೆ ಹೆಚ್ಚುಕಮ್ಮಿ ಅದೇ ಹೊತ್ತು, ಅರ್ಧ ಗಂಟೆ ಮೊದಲೇ. ನಾಲ್ಕಕ್ಕೆ ಇಳಿತ ಅಂದುಕೊಳ್ಳಿ. ಮೂರಕ್ಕೇ ಬಂದು ಕೂತುಕೊಳ್ಳಿ.

ಸ್ವರ್ಣಾತೀರ (ಎರಡು ವಾರ ಬಿಟ್ಟು, ಭಾನುವಾರ, ರಾತ್ರಿ 9:00)

ವರದಿ ಒಪ್ಪಿಸುತ್ತೇನೆ.

ರಿಪೇರಿಯವರು ಸಿಕ್ಕಿದರು. ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಲೈಟು, ಕಣ್ಣಿಗೆ ಸಿಕ್ಕಿಸಿದ ಗಾಜು. ವಾಚ್ ಕೈಗೆ ತೆಗೆದುಕೊಂಡು ಮೊದಲು ಹಿಂದಿನ ಮುಚ್ಚಳ ಬಿಚ್ಚಿ ನನಗೂ ತೋರಿಸಿದರು. ಕೂದಲ ಸ್ಪ್ರಿಂಗ್‌ನ ಎರಡು ಮೂರು ಸುತ್ತು ಒಂದು ಬದಿಗೆ ಒತ್ತಿಕೊಂಡು ನಿಂತಿತ್ತು. ಕೀಕೊಟ್ಟವರು ಹೇಳಿದ ಪೆಟ್ಟಿಗೆಯ ಮೇಲೆ ಹಿಡಿದು ಮೆಲ್ಲ ಎತ್ತಿದರು. ಮತ್ತೆ ಗಾಜಿನಲ್ಲಿ ನೋಡಿದರೆ ಸುರುಳಿಗಳ ನಡುವೆ ಸಮ ಸಮ ಜಾಗ, ಉಸಿರಾಡುವ ಹಾಗೆ ಬಿಚ್ಚಿ ಮುಚ್ಚಿ ಆಗುತ್ತಿತ್ತು. ದುಡ್ಡು ಎಷ್ಟು ಅಂದೆ. "ಇದಕ್ಕೆಂತ ದುಡ್ಡು" ಅಂದರು. ಬಲವಂತ ಮಾಡಿ ಚಾಕ್ಕೆ ಕೊಟ್ಟೆ. ಈಗ ದಿನಕ್ಕೆ ಇಪ್ಪತ್ತು ಸೆಕೆಂಡ್ ಮುಂದೆ. ಅಪ್ಪನಿಗೆ ಹೇಳಿದೆ. "ಇಪ್ಪತ್ತು ಸೆಕೆಂಡ್ ಯಾಕೆ?" ಅಂದರು.

ಇವತ್ತು ಎರಡೂಮುಕ್ಕಾಲಿಗೇ ಬೆಂಗ್ರೆ ಮುಟ್ಟಿದೆ. ಮೊದಲು ಕಡಲ ಬದಿಗೆ ಹೋದೆ. ಗೊರವ ಅವರೇ, ಸಿಕ್ಕಿತು! ಆರು ಇದ್ದವು. ಕೈರಂಪಣಿ ಬಲೆ ಎಳೆಯುವವರ ಕಾಲಿನ ಸಂದಿಯಲ್ಲೇ ಓಡಾಡುತ್ತಿದ್ದವು. ಅವು ಆಚೆ ಹೋದ ಮೇಲೆ ಬಗ್ಗಿ ನೋಡಿದೆ. ಮೂರು ಬೆರಳು. ಇನ್ನೊಂದು ಅಲೆ ಬರುವುದರೊಳಗೆ ನೋಟ್‌ಬುಕ್‌ನಲ್ಲಿ ಗೀಚಿಕೊಂಡೆ. ಬಲೆ ಎಳೆಯುತ್ತಿದ್ದ ಅಜ್ಜ ಒಬ್ಬರು ನಾನು ಎಂತ ಹುಡುಕುವುದು ಅಂತ ಕೇಳಿದರು. ಹಕ್ಕಿಯ ಕಾಲು ಅಂದೆ. ಅವರು ಆಮೇಲೆ ಮಾತಾಡಲಿಲ್ಲ.

ಆಮೇಲೆ ಹೊಳೆ ಬದಿಗೆ, ಅದೇ ಕಲ್ಲು. ವಾಚನ್ನು ಅಕ್ಕ ಹೇಳಿದ ಹಾಗೆ ಒಳಬದಿಗೆ ತಿರುಗಿಸಿ ಕಟ್ಟಿದ್ದೆ. ಎದುರಿನ ದೋಣಿಯ ಹಗ್ಗ ಬಿಗಿಯಾಗಿ ನಿಂತಿತ್ತು. 3:38ಕ್ಕೆ ನೀರಿನ ಬಣ್ಣ ಬದಲಾಯಿತು. 3:41ಕ್ಕೆ ಅಲೆ ಮುರಿಯಿತು. 3:44ಕ್ಕೆ ಎಮ್ಮೆ ಬೆನ್ನು. ಮೊದಲು ಇಳಿದದ್ದು ಒಂದು ಬೆಳ್ಳಕ್ಕಿ, ಯಾರನ್ನೋ ಕಾಯುವ ಹಾಗೆ ನಿಂತಿತು. ಹಿಂದೆಯೇ ಕಡಲಕಾಗೆಗಳು. ಐವತ್ತಮೂರು ಎಣಿಸಿದೆ. ಹತ್ತಿರದಲ್ಲಿದ್ದ ಹನ್ನೊಂದರ ಕಣ್ಣು ನೋಡಿದೆ, ಒಂಬತ್ತು ಸಿಟ್ಟಿನವು, ಎರಡು ಪಾಪದವು. ಬಾಗಿದ ಕೊಕ್ಕಿನವು ಮೂರು ಬಂದವು. ನೆತ್ತಿಯಲ್ಲಿ ಪಟ್ಟೆ ಸ್ಪಷ್ಟ ಇತ್ತು. ಒಂದು ಎದ್ದು ಹಾರುವಾಗ ಕೂಗಿತು. ನಾನು ಎಣಿಸಿದ್ದು ಆರು, ಏಳನೆಯದ್ದು ಬಾರ್ಜಿನ ಇಂಜಿನ್ ಸದ್ದಿನಲ್ಲಿ ಹೋಯಿತು. ವಿಂಬ್ರೆಲ್ ಅಂತಲೇ ಬರೆದೆ.

4:03ಕ್ಕೆ ಹಗ್ಗ ಸಡಿಲ ಆಗಿ ದೋಣಿ ಅಡ್ಡ ತಿರುಗಿತು. ಬೆಂಗ್ರೆಯವರೇ, ಹೇಳಿದ್ದಕ್ಕಿಂತ ಮೂರು ನಿಮಿಷ ಲೇಟು.

ಬೆಂಗ್ರೆಯವ (9:12)

ಹಿಂದಿನ ಬಸ್ಸಿನವನು ಜಗಳಕ್ಕೆ ಬಂದನಾ?

ಆ ಗೋಳಿಬಜೆ ಅಂಗಡಿಯವರು ನಿಮ್ಮನ್ನು ಕೇಳುತ್ತಿದ್ದರು, ಗಡಿಯಾರ ನಿಂತಿದೆ ಅಂದವರು ಮತ್ತೆ ಬರಲಿಲ್ವಾ ಅಂತ. ಮುಂದಿನ ಸಲ ಬರುವಾಗ ಚೀಲ ಮನೆಯಲ್ಲಿಟ್ಟು ಬನ್ನಿ. ಚಾ ನನ್ನ ಲೆಕ್ಕ.